ಅಜ್ಜಿಯ ಮೂರು ಚೆಂಡು, ಜಗಳೂರಿನ ಹುಲ್ಲು

ಈ ವಾರದ ಪತ್ರಗಳಲ್ಲಿ ಅರ್ಧಕ್ಕರ್ಧ ವಿಂಬಲ್ಡನ್ ಸಿಂಗಲ್ಸ್ ಫೈನಲ್ ಬಗ್ಗೆಯೇ. ಬೆಣ್ಣೆದೋಸೆ ಊರಿನವರಿಗೆ ಟೆನಿಸ್ ಹುಚ್ಚು ಇಷ್ಟು ಅಂತ ನನಗೂ ಗೊತ್ತಿರಲಿಲ್ಲ.

ಪ್ರಶ್ನೆ: ಫೈನಲ್ ಎಷ್ಟೊತ್ತಿಗೆ ಶುರು? ಮನೆಯಲ್ಲಿ ಒಂದೇ ಟಿವಿ, ರಾತ್ರಿ ಅಮ್ಮನ ರಿಯಾಲಿಟಿ ಶೋ ಬೇರೆ. (ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ಶನಿವಾರ ಹೆಂಗಸರದು, ಭಾನುವಾರ ಗಂಡಸರದು. ಮೊದಲು ಲಂಡನ್ನಿನಲ್ಲಿ ಮಧ್ಯಾಹ್ನ 2ಕ್ಕೆ, ಅಂದ್ರೆ ನಮಗೆ ಸಂಜೆ 6:30ಕ್ಕೆ ಶುರುವಾಗುತ್ತಿತ್ತು. 2025ರಲ್ಲಿ ಅದನ್ನು ಅಲ್ಲಿನ ಸಂಜೆ 4ಕ್ಕೆ ತಳ್ಳಿದರು, ನಮಗದು ರಾತ್ರಿ 8:30. ಇಷ್ಟೊತ್ತಿಗೆ ಮುಗಿಯುತ್ತೆ ಅಂತ ಮಾತ್ರ ಅಮ್ಮನಿಗೆ ಮಾತು ಕೊಡಬೇಡಿ. 2025ರಲ್ಲಿ ಇಗಾ ಶ್ವಿಯಾಂಟೆಕ್ ಅವರು ಅಮಾಂಡಾ ಅನಿಸಿಮೋವಾ ಅವರನ್ನು 6-0, 6-0ರಲ್ಲಿ ಬರೀ 57 ನಿಮಿಷಕ್ಕೆ ಮುಗಿಸಿಬಿಟ್ಟರು. ನಾನು ಮಂಡಕ್ಕಿಗೆ ಈರುಳ್ಳಿ ಹೆಚ್ಚಿ, ಮಿರ್ಚಿ ಕರಿದು ತರುವಷ್ಟರಲ್ಲಿ ಮೊದಲ ಸೆಟ್ಟೇ ಇರಲಿಲ್ಲ! 2019ರ ಜೊಕೊವಿಚ್-ಫೆಡರರ್ ಫೈನಲ್ ನಡೆದದ್ದು 4 ಗಂಟೆ 57 ನಿಮಿಷ. ಅಂಥದ್ದು ಈಗ ನಡೆದರೆ ನೀವು ಮಲಗೋದು ಒಂದೂವರೆಗೆ.

ಪ್ರಶ್ನೆ: ಐದನೇ ಸೆಟ್ ಮುಗಿಯದಿದ್ದರೆ ಬೆಳಗಿನವರೆಗೂ ಆಡ್ತಾರಾ? (ಹರಿಹರ)

ಉತ್ತರ: ಇಲ್ಲ. 2022ರಿಂದ ಕೊನೆಯ ಸೆಟ್ 6-6 ಆದರೆ ಟೈಬ್ರೇಕ್. ಮೊದಲು 10 ಪಾಯಿಂಟ್ ಮುಟ್ಟಿದವರು ಗೆದ್ದಂತೆ, ಎರಡು ಪಾಯಿಂಟ್ ಮುಂದಿರಬೇಕು ಅಷ್ಟೆ. 2010ರಲ್ಲಿ ಇಸ್ನರ್ ಮತ್ತು ಮಹು ಮೂರು ದಿನ ಸೇರಿ 11 ಗಂಟೆ 5 ನಿಮಿಷ ಆಡಿ, ಕೊನೆಯ ಸೆಟ್ 70-68ಕ್ಕೆ ಮುಗಿಸಿದ್ದರು. ಆ ಕಾಲ ಹೋಯಿತು.

ಪ್ರಶ್ನೆ: ನಮ್ಮ ಅಜ್ಜಿಗೆ ಸ್ಕೋರ್ ಬೇಡ. ಸರ್ವ್ ಮಾಡುವ ಮುಂಚೆ ಮೂರು ಚೆಂಡು ತಗೊಂಡು ಒಂದನ್ನು ವಾಪಸ್ ಎಸೀತಾರಲ್ಲ, ಎಲ್ಲಾ ಒಂದೇ ಥರ ಇದಾವಲ್ಲ, ಯಾಕೆ ಅಂತ ಕೇಳ್ತಾರೆ. (ಪಿ.ಜೆ. ಬಡಾವಣೆ)

ಉತ್ತರ: ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಈ ಸಲ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಚೆಂಡುಗಳು ಒಂದೇ ಥರ ಇರಲ್ಲ. ಏಟು ತಿಂದು ತಿಂದು ಕೆಲವದರ ತುಪ್ಪಟ ಎದ್ದಿರುತ್ತೆ. ತುಪ್ಪಟ ಎದ್ದ ಚೆಂಡು ಗಾಳಿಯಲ್ಲಿ ನಿಧಾನ, ನುಣ್ಣಗಿರೋದು ಬೇಗ ಹೋಗುತ್ತೆ. ಅದಕ್ಕೇ ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ ನೋಡಿ, ನುಣ್ಣಗಿರೋದನ್ನ ಮೊದಲ ಸರ್ವ್‌ಗೆ ಕೈಯಲ್ಲಿಟ್ಟುಕೊಂಡು, ಇನ್ನೊಂದನ್ನ ಜೇಬಿಗೆ ಹಾಕ್ತಾರೆ, ಮೊದಲನೆಯದು ತಪ್ಪಿದರೆ ಬೇಕಾಗುತ್ತಲ್ಲ. ಮೊದಲ 7 ಗೇಮ್ ಆದ ಮೇಲೆ ಚೆಂಡುಗಳನ್ನೆಲ್ಲ ಬದಲಾಯಿಸ್ತಾರೆ, ಆಮೇಲೆ ಪ್ರತಿ 9 ಗೇಮ್‌ಗೊಮ್ಮೆ. ಮೊದಲ ಸಲ ಯಾಕೆ ಎರಡು ಗೇಮ್ ಕಮ್ಮಿ ಅಂದ್ರೆ, ಆಟಕ್ಕೆ ಮುಂಚೆ ಕೈ ಬಿಸಿ ಮಾಡಿಕೊಳ್ಳೋದೂ ಅವೇ ಚೆಂಡಲ್ಲಿ. ಹೊಸ ಚೆಂಡು ಬಂದಾಗ ಸರ್ವ್ ಮಾಡುವವರು ಅದನ್ನ ಎತ್ತಿ ಎದುರಾಳಿಗೆ ತೋರಿಸ್ತಾರೆ, ‘ಹುಷಾರು, ಹೊಸದು’ ಅಂತ. ಆ ಗೇಮಿನಲ್ಲಿ ಅಜ್ಜಿ ಕಾಫಿಗೆ ಏಳೋದು ಬೇಡ.

ಪ್ರಶ್ನೆ: ಗೆಲ್ಲೋದು ಯಾರು? ಶ್ರೇಯಾಂಕದವರೇ ಅಲ್ವಾ? ನೂರು ರೂಪಾಯಿ ಬೆಟ್. (ಚನ್ನಗಿರಿ)

ಉತ್ತರ: ಕ್ವಾರ್ಟರ್ ಫೈನಲ್‌ಗೂ ಮುಂಚೆಯೇ ಈ ಪುಟ ಅಚ್ಚಿಗೆ ಹೋಗುತ್ತೆ ಸ್ವಾಮಿ. 2023ರಲ್ಲಿ ಶ್ರೇಯಾಂಕವೇ ಇಲ್ಲದ ಮಾರ್ಕೆಟಾ ವೊಂಡ್ರೊಸೋವಾ ಗೆದ್ದಿದ್ದರು. ನೂರು ರೂಪಾಯಿಗೆ ದೋಸೆ ತಿನ್ನಿ.

ಪ್ರಶ್ನೆ: ಫೈನಲ್ ಹೊತ್ತಿಗೆ ಅಂಗಳ ನಮ್ಮ ಹೊಲದ ಥರ ಆಗಿರುತ್ತೆ. ಅಷ್ಟು ದುಡ್ಡಿದೆ, ನೀರು ಬಿಡೋಕೆ ಆಗಲ್ವಾ? (ರೈತ, ಜಗಳೂರು)

ಉತ್ತರ: ಜಗಳೂರಿನವರು ನೀರಿನ ಬಗ್ಗೆ ಕೇಳಿದರೆ ಉತ್ತರ ಹೇಳೋಕೆ ಭಯ! ನೀರು ಬಿಡ್ತಾರೆ. ಆದರೆ ಅದು ರೈ ಹುಲ್ಲು, 8 ಮಿಲಿಮೀಟರ್‌ಗೆ ಕತ್ತರಿಸಿದ್ದು. ಎರಡು ವಾರ ಬೂಟುಗಳು ಒಂದೇ ಜಾಗ ತುಳಿದರೆ ಏನು ಉಳಿಯುತ್ತೆ ಹೇಳಿ. ಮಣ್ಣು ಎದ್ದಿರೋದು ಎಲ್ಲಿ ಅಂತ ನೋಡಿ: ಹಿಂದಿನ ಗೆರೆ ಹತ್ತಿರ ಮಾತ್ರ. ಹಿಂದೆ ಸ್ಯಾಂಪ್ರಾಸ್, ಎಡ್ಬರ್ಗ್ ಕಾಲದಲ್ಲಿ ಸರ್ವ್ ಮಾಡಿದವರೇ ನೆಟ್ಟಿಗೆ ಓಡಿ ಬರ್ತಿದ್ರು. ಆಗ ಗೆರೆಯಿಂದ ನೆಟ್‌ವರೆಗೂ ಕಾಲುದಾರಿಯಂತೆ ಹುಲ್ಲು ಸವೆದಿರುತ್ತಿತ್ತು. ಈಗಿನವರು ಹಿಂದೆಯೇ ನಿಂತು ಬಡಿದಾಡ್ತಾರೆ, ಮುಂದಿನ ಹುಲ್ಲು ಹಸಿರಾಗೇ ಇರುತ್ತೆ. ನನಗೆ ಆ ಹಳೇ ಆಟವೇ ಜಾಸ್ತಿ ಇಷ್ಟ. ಈ ಭಾನುವಾರ ನೆಟ್ ಹತ್ತಿರ ಎಲ್ಲಾದರೂ ಹುಲ್ಲು ಸವೆದದ್ದು ಕಂಡರೆ ನನಗೊಂದು ಕಾರ್ಡ್ ಹಾಕಿ.