ಜುಲೈ ಕೊನೆಯಲ್ಲಿ ಬ್ರಾಡ್‌ವೇಯಲ್ಲಿ ಮಾತಿನ ನಾಟಕಗಳೇಕೆ ಕಾಣುವುದಿಲ್ಲ?

ಅಪ್ಪ-ಅಮ್ಮ ಜುಲೈ ಕೊನೆಗೆ ನ್ಯೂಜೆರ್ಸಿಗೆ ಬರುತ್ತಾರೆ, ರಂಗಶಂಕರದ ನಾಟಕಗಳ ರುಚಿ ಹತ್ತಿದವರು, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಯಲ್ಲಿ ಹುಡುಕಿದರೆ ಬರೀ ಹಾಡು-ಕುಣಿತದ ಮ್ಯೂಸಿಕಲ್‌ಗಳೇ ಸಿಗುತ್ತಿವೆ ಎಂದು ಬರೆದಿದ್ದೀರಿ. ನೀವು ಹುಡುಕಿದ್ದರಲ್ಲಿ ತಪ್ಪಿಲ್ಲ. ಆ ಹೊತ್ತಿಗೆ ಮಾತಿನ ನಾಟಕಗಳಲ್ಲಿ ಹೆಚ್ಚಿನವು ಮುಗಿದೇ ಹೋಗಿರುತ್ತವೆ.

ಲೆಕ್ಕ ಶುರುವಾಗುವುದು ಬ್ರಾಡ್‌ವೇ ಪ್ರದರ್ಶನಗಳಿಗೆ ಕೊಡುವ ಟೋನಿ ಪ್ರಶಸ್ತಿಯಿಂದ. ಆ ವರ್ಷದ ಸ್ಪರ್ಧೆಗೆ ಸೇರಬೇಕಾದರೆ ಏಪ್ರಿಲ್ ಕೊನೆಯೊಳಗೆ ನಾಟಕ ಅಧಿಕೃತವಾಗಿ ಓಪನ್ ಆಗಿರಬೇಕು, ಸಮಾರಂಭ ಜೂನ್‌ನಲ್ಲಿ. ಮತ ಹಾಕುವವರ ನೆನಪು ಹಸಿಯಾಗಿರುವಾಗಲೇ ಕಣ್ಣಿಗೆ ಬೀಳಬೇಕೆಂದು ನಿರ್ಮಾಪಕರು ಮಾರ್ಚ್-ಏಪ್ರಿಲ್‌ಗೇ ಮುಗಿಬೀಳುತ್ತಾರೆ. ಓಪನ್ ಆಗುವ ಮೊದಲು ಮೂರ್ನಾಲ್ಕು ವಾರ ಪ್ರಿವ್ಯೂ, ಅಂದರೆ ಟಿಕೆಟ್ ಮಾರಿಯೇ ಆಡುವ ಪೂರ್ವಪ್ರದರ್ಶನ, ಇರುತ್ತದೆ, ಅಂದರೆ ಮೊದಲ ಪ್ರದರ್ಶನ ಮಾರ್ಚ್ ಆಸುಪಾಸಿನಲ್ಲಿ. ಇನ್ನು ಹೆಸರಾಂತ ಸಿನಿಮಾ ನಟರು ನಾಟಕಕ್ಕೆ ಕೊಡುವ ಕಾಲ್‌ಶೀಟ್ ಸಾಮಾನ್ಯವಾಗಿ 14ರಿಂದ 16 ವಾರ. ಮಾರ್ಚ್‌ನಿಂದ ಎಣಿಸಿ ನೋಡಿ, ಜೂನ್ ಕೊನೆಗೆ ಬಂದು ನಿಲ್ಲುತ್ತೀರಿ. 2025ರಲ್ಲಿ ಆದದ್ದೂ ಇದೇ: ಡೆಂಜಲ್ ವಾಷಿಂಗ್ಟನ್‌ರ ‘ಒಥೆಲೊ’ ಮತ್ತು ಜಾರ್ಜ್ ಕ್ಲೂನಿಯ ‘ಗುಡ್ ನೈಟ್, ಅಂಡ್ ಗುಡ್ ಲಕ್’ ಜೂನ್ 8ಕ್ಕೆ ಮುಗಿದವು, ‘ಗ್ಲೆನ್‌ಗ್ಯಾರಿ ಗ್ಲೆನ್ ರಾಸ್’ ಜೂನ್ 28ಕ್ಕೆ, ಅದರ ಮರುದಿನವೇ ‘ದ ಪಿಕ್ಚರ್ ಆಫ್ ಡೋರಿಯನ್ ಗ್ರೇ’.

ನಟ ಹೋದರೆ ಇನ್ನೊಬ್ಬರನ್ನು ಹಾಕಿ ಮುಂದುವರಿಸಬಾರದೇ? ಇಲ್ಲಿ ಸೀಟುಗಳ ಲೆಕ್ಕ ಅಡ್ಡ ಬರುತ್ತದೆ. ನಾಟಕಗಳು ಹೆಚ್ಚಾಗಿ ಸಣ್ಣ ರಂಗಮಂದಿರಗಳಲ್ಲಿ ಆಡುತ್ತವೆ. ಗೋಲ್ಡನ್ ಥಿಯೇಟರಿನಲ್ಲಿ ಸುಮಾರು 800 ಸೀಟು. ವಾರಕ್ಕೆ 8 ಪ್ರದರ್ಶನವೆಂದರೆ 6,400 ಟಿಕೆಟ್. ದೊಡ್ಡ ಮ್ಯೂಸಿಕಲ್ ಆಡುವ ಗರ್ಶ್ವಿನ್‌ನಲ್ಲಿ 1,900ಕ್ಕೂ ಹೆಚ್ಚು ಸೀಟು, ವಾರಕ್ಕೆ 15,000 ಟಿಕೆಟ್ ದಾಟುತ್ತದೆ. ಹಾಕಿದ ದುಡ್ಡನ್ನು ನಾಟಕ ಕೆಲವೇ ತಿಂಗಳಲ್ಲಿ, ದುಬಾರಿ ಟಿಕೆಟ್ಟಿನಿಂದಲೇ ಎತ್ತಬೇಕು. ಆ ಬೆಲೆ ನಿಂತಿರುವುದು ನಟನ ಹೆಸರಿನ ಮೇಲೆ. ಮ್ಯೂಸಿಕಲ್ ಹಾಗಲ್ಲ, ಪಾತ್ರಧಾರಿಗಳು ಬದಲಾದರೂ ವರ್ಷಗಟ್ಟಲೆ ಓಡುತ್ತದೆ. ಮೇಲಾಗಿ ಬೇಸಿಗೆಯ ಪ್ರೇಕ್ಷಕರಲ್ಲಿ ಪ್ರವಾಸಿಗಳೇ ಹೆಚ್ಚು. ಇಂಗ್ಲಿಷ್ ಅಷ್ಟಾಗಿ ಬಾರದವರು, ಮಕ್ಕಳನ್ನು ಕರೆತಂದವರು ಹಾಡು-ಕುಣಿತಕ್ಕೇ ಹೋಗುತ್ತಾರೆ. ಗಳಿಕೆ ಸತತವಾಗಿ ಗೊತ್ತಾದ ಮೊತ್ತಕ್ಕಿಂತ ಕೆಳಗಿಳಿದರೆ ನಾಟಕವನ್ನು ತೆರವು ಮಾಡಿಸುವ ಹಕ್ಕು ಥಿಯೇಟರ್ ಮಾಲೀಕರಿಗೆ ಕರಾರಿನಲ್ಲೇ ಇರುತ್ತದೆ, ಹಾಗಾಗಿ ಎಳೆದಾಡಿ ನಡೆಸುವ ಧೈರ್ಯವನ್ನು ಯಾರೂ ಮಾಡುವುದಿಲ್ಲ. ಮ್ಯಾನ್‌ಹಟನ್ ಥಿಯೇಟರ್ ಕ್ಲಬ್, ರೌಂಡಬೌಟ್‌ನಂಥ ಲಾಭರಹಿತ ಸಂಸ್ಥೆಗಳೂ ಚಂದಾದಾರರ ಸೀಸನ್‌ಗೆ ತಕ್ಕಂತೆ ನಡೆಯುವುದರಿಂದ ಆ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ. ಒಳ್ಳೆಯ ನಾಟಕಗಳೆಲ್ಲ ಒಂದೇ ತಿಂಗಳಲ್ಲಿ ಒಂದರ ಮೇಲೊಂದು ಬಿದ್ದು, ಆಮೇಲೆ ಎರಡು ತಿಂಗಳು ಬರಗಾಲ ಬರುವ ಈ ಪದ್ಧತಿ ರಂಗಭೂಮಿಗೆ ಒಳ್ಳೆಯದಲ್ಲ ಎಂದೇ ನನ್ನ ಅಭಿಪ್ರಾಯ. ಹೆಸರಿಲ್ಲದ ನಟರ ನಾಟಕಗಳು ಆ ನೂಕುನುಗ್ಗಲಿನಲ್ಲಿ ಕಳೆದೇಹೋಗುತ್ತವೆ.

ಬರಗಾಲವೆಂದರೂ ಪೂರ್ತಿ ಬರಿದಾಗಿರುವುದಿಲ್ಲ. ಚೆನ್ನಾಗಿ ಓಡಿದ ಕೆಲವು ನಾಟಕಗಳಿಗೆ ಅವಧಿ ವಿಸ್ತರಣೆ ಸಿಗುತ್ತದೆ. 2025ರಲ್ಲಿ ಹೇಯ್ಸ್‌ ಥಿಯೇಟರಿನ ‘ಪರ್ಪಸ್’ ಆಗಸ್ಟ್ 31ರವರೆಗೆ, ಬೂತ್‌ನ ‘ಜಾನ್ ಪ್ರಾಕ್ಟರ್ ಈಸ್ ದ ವಿಲನ್’ ಸೆಪ್ಟೆಂಬರ್ 7ರವರೆಗೆ ನಡೆದವು. ಇಂಥವು ಯಾವುವೆಂದು ಜೂನ್ ಎರಡನೇ ವಾರ, ಅಂದರೆ ಟೋನಿ ಮುಗಿದ ಮೇಲೆ, ರಂಗಭೂಮಿ ಪತ್ರಿಕೆ ಪ್ಲೇಬಿಲ್‌ನ ಪಟ್ಟಿಯಲ್ಲಿ ನೋಡಿ. ಮೇ ತಿಂಗಳಲ್ಲೇ ನೋಡಿ ಕೈಬಿಡಬೇಡಿ, ವಿಸ್ತರಣೆಗಳು ತಡವಾಗಿಯೂ ಪ್ರಕಟವಾಗುತ್ತವೆ. ಬ್ರಾಡ್‌ವೇ ಬಿಟ್ಟು 100ರಿಂದ 499 ಸೀಟಿನ ಆಫ್-ಬ್ರಾಡ್‌ವೇ ಪಟ್ಟಿಯನ್ನೂ ತೆಗೆಯಿರಿ. ಸೆಂಟ್ರಲ್ ಪಾರ್ಕಿನ ಡೆಲಕೋರ್ಟ್‌ನಲ್ಲಿ ಬೇಸಿಗೆಯ ಶೇಕ್ಸ್‌ಪಿಯರ್ ಪುಕ್ಕಟೆ, ಆದರೆ ಬಯಲು ರಂಗಮಂದಿರ, ಬೆಳಿಗ್ಗೆಯೇ ಸಾಲು ನಿಲ್ಲಬೇಕು. ವಯಸ್ಸಾದವರನ್ನು ನಿಲ್ಲಿಸಬೇಡಿ, ನೀವು ಹೋಗಿ. ನಯಾಗರ ನೋಡಲು ಹೇಗೂ ಹೋಗುವಿರಾದರೆ ಅಲ್ಲೇ ಸಮೀಪದ ನಯಾಗರ-ಆನ್-ದ-ಲೇಕ್‌ನಲ್ಲಿ ಶಾ ಫೆಸ್ಟಿವಲ್ ಇದೆ. ಅಲ್ಲಿ ಒಂದೇ ವಾರದಲ್ಲಿ ಬೇರೆ ಬೇರೆ ನಾಟಕ ನೋಡಬಹುದು. ಅದು ಕೆನಡಾದ ಕಡೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವಿಸಿಟರ್ ವೀಸಾ ಸಾಲದು, ಕೆನಡಾ ವೀಸಾ ಬೇರೆ ಬೇಕು. ಆ ಅರ್ಜಿ ಊರಿನಿಂದಲೇ ಹಾಕಿಸಿ.

ಟಿಕೆಟ್ ವಿಷಯ: ಗೂಗಲ್‌ನಲ್ಲಿ ಮೊದಲು ಕಾಣುವ ಸೈಟ್‌ಗಳಲ್ಲಿ ಹಲವು ಮರುಮಾರಾಟದವು, ದುಬಾರಿ. ನಾಟಕದ ಸ್ವಂತ ಸೈಟಿನಿಂದಲೇ ಹೋಗಿ. ಬಾಕ್ಸ್ ಆಫೀಸಿಗೆ ಖುದ್ದಾಗಿ ಹೋದರೆ ಆನ್‌ಲೈನ್ ಶುಲ್ಕವೂ ಉಳಿಯುತ್ತದೆ. ಅದೇ ದಿನದ ರಿಯಾಯಿತಿ ಟಿಕೆಟ್ ಬೇಕಿದ್ದರೆ ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲ ಕೆಳಗಿರುವ ರಿಯಾಯಿತಿ ಟಿಕೆಟ್ ಮಳಿಗೆ ಟಿಕೆಟಿಎಸ್‌ (TKTS)ನಲ್ಲಿ ‘ಪ್ಲೇ ಎಕ್ಸ್‌ಪ್ರೆಸ್’ ಎಂಬ ಕಿಟಕಿಯನ್ನು ಕೇಳಿ. ಅದು ಮಾತಿನ ನಾಟಕಗಳಿಗಷ್ಟೇ ಇರುವ ಸಾಲು, ಚಿಕ್ಕದು. ನಟನ ಹೆಸರು ನಾಟಕದ ಶೀರ್ಷಿಕೆಗಿಂತ ಮೇಲೆ ಅಚ್ಚಾಗಿದ್ದು, ಆ ದಿನ ಅವರು ಬಾರದಿದ್ದರೆ ಸಾಮಾನ್ಯವಾಗಿ ಹಣ ವಾಪಸ್ ಕೇಳಬಹುದು. ಬೇಸಿಗೆಯಲ್ಲಿ ರಜೆಗಳು ಹೆಚ್ಚು, ಸೈಟಿನಲ್ಲಿ ಗೈರುಹಾಜರಿಯ ದಿನಗಳನ್ನು ನೋಡಿಕೊಳ್ಳಿ.

ಅಪ್ಪ-ಅಮ್ಮನಿಗೆ ಆರ್ಕೆಸ್ಟ್ರಾ ಮಟ್ಟದ, ಅಂದರೆ ವೇದಿಕೆ ಮುಂದಿನ ಕೆಳಹಂತದ, ಸೀಟನ್ನೇ ತೆಗೆಯಿರಿ. ಹಳೆಯ ಥಿಯೇಟರುಗಳಲ್ಲಿ ಮೇಲಿನ ಹಂತವಾದ ಮೆಜನೈನ್‌ಗೆ ಹೆಚ್ಚಾಗಿ ಲಿಫ್ಟ್ ಇರುವುದಿಲ್ಲ. ಅಮೆರಿಕನ್ ಉಚ್ಚಾರ ಹಿಡಿಯುವುದು ಕಷ್ಟವಾದರೆ ಫೋನಿನಲ್ಲಿ ಗಾಲಾಪ್ರೊ ಆ್ಯಪ್ ಹಾಕಿಕೊಳ್ಳಲಿ, ಸಂಭಾಷಣೆ ಅಕ್ಷರದಲ್ಲಿ ಮೂಡುತ್ತದೆ, ಪರದೆಯೂ ಕಪ್ಪಾಗಿರುವುದರಿಂದ ಪಕ್ಕದವರಿಗೆ ತೊಂದರೆಯಾಗದು. ಓಪನ್ ಆಗಿ ಸುಮಾರು ನಾಲ್ಕು ವಾರ ಕಳೆದ ಮೇಲೆ ಸಿಗುವ ಸೌಲಭ್ಯವಿದು, ಜುಲೈ ಕೊನೆಗೆ ಓಡುತ್ತಿರುವ ನಾಟಕಗಳಿಗೆ ಬಹುತೇಕ ಸಿಕ್ಕಿರುತ್ತದೆ.