ಜಾಕ್-2 ತಡೆಯುವ ಮಾತ್ರೆಯಿಂದ ಹಿಮೋಗ್ಲೋಬಿನ್ ಇಳಿಯುವುದೇಕೆ?

ತಂದೆಯವರಿಗೆ ಮೈಲೋಫೈಬ್ರೋಸಿಸ್ (ಮೂಳೆಮಜ್ಜೆ ನಾರುಗಟ್ಟುವ ರಕ್ತದ ಕಾಯಿಲೆ), ಜಾಕ್-2 ಎಂಬ ಕಿಣ್ವವನ್ನು ತಡೆಯುವ ರುಕ್ಸೋಲಿಟಿನಿಬ್ ಮಾತ್ರೆ ಶುರುವಾಗಿ ಆರು ವಾರಕ್ಕೆ ಹಿಮೋಗ್ಲೋಬಿನ್ 10.5ರಿಂದ 8.9ಕ್ಕೆ ಬಂದಿದೆ, ಕೆಟ್ಟ ಕಿಣ್ವವನ್ನು ತಡೆದರೆ ರಕ್ತ ಏಕೆ ಕಡಿಮೆಯಾಗಬೇಕು ಎಂದು ಕೇಳಿದ್ದೀರಿ.

ಜಾಕ್-2 ಹುಟ್ಟಾ ಕೆಟ್ಟ ಕಿಣ್ವವಲ್ಲ. ಮೂಳೆಮಜ್ಜೆಯ ಕಾಂಡಕೋಶದ ಸಂತತಿ ಕೆಂಪು ಕಣವಾಗಲು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು ಬೇಕು. ಕೋಶದ ಮೇಲೆ ಅದನ್ನು ಹಿಡಿಯುವ ಗ್ರಾಹಕಕ್ಕೆ ಸ್ವಂತ ಕಿಣ್ವಶಕ್ತಿಯಿಲ್ಲ. ಒಳಬದಿಗೆ ಅಂಟಿಕೊಂಡಿರುವ ಜಾಕ್-2 ಫಾಸ್ಫೇಟ್ ಸೇರಿಸಿ ಸ್ಟ್ಯಾಟ್-5 ಪ್ರೋಟೀನನ್ನು ಚುರುಕುಗೊಳಿಸಿದರೆ ಮಾತ್ರ ಸಂದೇಶ ನ್ಯೂಕ್ಲಿಯಸ್ ತಲುಪುತ್ತದೆ. ಪ್ಲೇಟ್‌ಲೆಟ್‌ಗಳಿಗೂ ಕಾಂಡಕೋಶಗಳ ಉಳಿವಿಗೂ ಬೇಕಾದ ಥ್ರಾಂಬೊಪೊಯೆಟಿನ್ ಸಂಕೇತಕ್ಕೂ ಇದೇ ದಾರಿ. ಜಾಕ್-2 ಇಲ್ಲದ ಇಲಿಭ್ರೂಣಗಳು ಕೆಂಪು ಕಣಗಳಿಲ್ಲದೆ 12–13ನೇ ದಿನಕ್ಕೇ ಸಾಯುತ್ತವೆ.

ಈ ಕಾಯಿಲೆಯ ಅನೇಕರ ಜಾಕ್-2ರಲ್ಲಿ ಕಾಣುವ, 2005ರಲ್ಲಿ ಪತ್ತೆಯಾದ ವಿ617ಎಫ್ ದೋಷದಲ್ಲಿ 617ನೇ ಸ್ಥಾನದ ವ್ಯಾಲೀನ್ ಎಂಬ ಅಮೈನೋ ಆಮ್ಲದ ಜಾಗಕ್ಕೆ ಫೀನೈಲ್ಅಲನೀನ್ ಬಂದು ಕಿಣ್ವದ ಲಗಾಮು ಸಡಿಲವಾಗುತ್ತದೆ. ಆದರೆ ಮಾತ್ರೆ ಕೂರುವುದು ಲಗಾಮಿನ ಭಾಗದಲ್ಲಲ್ಲ, ಕಿಣ್ವಕ್ಕೆ ಫಾಸ್ಫೇಟ್ ಒದಗಿಸುವ ಎಟಿಪಿ ಎಂಬ ಅಣು ಕೂರುವ ಜಾಗದಲ್ಲಿ. ಆ ಜಾಗ ಆರೋಗ್ಯಕರ ಜಾಕ್-2ರಲ್ಲೂ ಇದೆ. ಹಾಗಾಗಿ ಎರಡಕ್ಕೂ ತಡೆ ಬೀಳುತ್ತದೆ.

ಸಾಮಾನ್ಯವಾಗಿ 8–12 ವಾರಕ್ಕೆ ಹಿಮೋಗ್ಲೋಬಿನ್ ಅತಿ ಕೆಳಗಿನ ಮಟ್ಟ ಮುಟ್ಟಿ, ಆಮೇಲೆ ತುಸು ಏರಿ ನಿಲ್ಲುತ್ತದೆ. ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ: ಒಂದು ವಾರದೊಳಗೆ ಜ್ವರ, ಸುಸ್ತು ಮರಳಬಹುದು, ಗುಲ್ಮ ಮತ್ತೆ ಊದಬಹುದು. ಫ್ಲೂಕೊನಜೋಲ್‌ನಂಥ ಶಿಲೀಂಧ್ರದ ಮಾತ್ರೆ ಜೊತೆಗಿದ್ದರೆ ವೈದ್ಯರಿಗೆ ಹೇಳಿ, ಅದು ರುಕ್ಸೋಲಿಟಿನಿಬ್ ಮಟ್ಟವನ್ನು ಏರಿಸುತ್ತದೆ. ಕಬ್ಬಿಣ, ಬಿ12 ಪರೀಕ್ಷೆಯನ್ನೂ ಕೇಳಿ. ಎಲ್ಲ ಇಳಿಕೆಗೂ ಮಾತ್ರೆಯೇ ಕಾರಣವಾಗಿರಬೇಕಿಲ್ಲ. ಎದೆನೋವು, ಏದುಸಿರು, ಕಪ್ಪು ಮಲ ಕಂಡರೆ ಮುಂದಿನ ತಪಾಸಣೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.