ಕೊನೆಯ ಹದಿನೇಳು

ಓದುಗರೊಬ್ಬರು ಬರೆದಿದ್ದಾರೆ: ‘ಸಿಡುಬು ತೊಲಗಿ ನಾಲ್ಕು ದಶಕ ದಾಟಿತು. ಪೋಲಿಯೊ, ಮಲೇರಿಯಾ ಇನ್ನೂ ಏಕೆ ಉಳಿದಿವೆ? ವಿಜ್ಞಾನಿಗಳು ಕೈಚೆಲ್ಲಿ ಕುಳಿತಿದ್ದಾರೆಯೇ?’

ವಿಜ್ಞಾನಿಗಳಲ್ಲೂ ಪ್ರತಿಷ್ಠೆಯ ಜಗಳಗಳಿವೆ, ಹಣ ಪೋಲಾದದ್ದೂ ಉಂಟು. ಅಷ್ಟರ ಮಟ್ಟಿಗೆ ನಿಮ್ಮ ಸಿಟ್ಟನ್ನು ಒಪ್ಪುತ್ತೇನೆ. ಆದರೆ ಮಿತ್ರರೇ, ಸಿಡುಬನ್ನು ಅಳತೆಗೋಲಾಗಿ ಹಿಡಿದದ್ದು ತಪ್ಪು. ಅದಕ್ಕೆ ಅಡಗಲು ಜಾಗವೇ ಇರಲಿಲ್ಲ. ಮನುಷ್ಯನ ಮೈ ಬಿಟ್ಟರೆ ಬೇರೆ ಆಸರೆಯಿಲ್ಲ. ಬಂದರೆ ಮುಖದ ಮೇಲೆಯೇ ಗುಳ್ಳೆ. ರೋಗಿಯನ್ನು ಗುರುತಿಸಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರೆ ಅದರ ದಾರಿ ಮುಚ್ಚುತ್ತಿತ್ತು. ಪೋಲಿಯೊ ಹಾಗಲ್ಲ. ಸೋಂಕು ತಗಲಿದ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರಿಗೆ ಪಾರ್ಶ್ವವಾಯು; ಉಳಿದವರು ಏನೂ ತಿಳಿಯದೆ ಓಡಾಡುತ್ತಲೇ ಅದನ್ನು ಹಂಚುತ್ತಾರೆ. ಹಳದಿ ಜ್ವರ ಕಾಡಿನ ಕೋತಿಗಳಲ್ಲಿ ಬದುಕುಳಿಯುತ್ತದೆ. ಇನ್ನು ನಾರುಹುಣ್ಣು, ಕುಡಿಯುವ ನೀರಿನ ಮೂಲಕ ಮೈಸೇರುವ ಹುಳುವಿನ ರೋಗ: ಲಸಿಕೆಯೂ ಇಲ್ಲದೆ, ವಾಸಿಮಾಡುವ ಔಷಧಿಯೂ ಇಲ್ಲದೆ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳುತ್ತಾ ಲಕ್ಷಗಳಿಂದ ಬೆರಳೆಣಿಕೆಗೆ ಇಳಿಸಿದರು. ಅಷ್ಟರಲ್ಲಿ ಚಾಡ್ ದೇಶದ ನಾಯಿಗಳಲ್ಲಿ ಅದೇ ಹುಳು ಕಾಣಿಸಿಕೊಂಡಿತು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಶ್ರೀಲಂಕಾದ ಕಥೆ. 1963ರಲ್ಲಿ ಇಡೀ ದ್ವೀಪದಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು 17. ಗೆದ್ದೆವೆಂದು ಸೊಳ್ಳೆ ಕೊಲ್ಲುವ ಡಿಡಿಟಿ ಸಿಂಪಡಣೆ ನಿಲ್ಲಿಸಿದರು, ಕಣ್ಗಾವಲು ಸಡಿಲವಾಯಿತು. 1969ರಲ್ಲಿ ಸಂಖ್ಯೆ ಐದು ಲಕ್ಷ ದಾಟಿತ್ತು. ಮಲೇರಿಯಾಮುಕ್ತ ದೇಶವೆಂಬ ಮಾನ್ಯತೆ ಸಿಕ್ಕಿದ್ದು 2016ರಲ್ಲಿ! ಆ ಹದಿನೇಳು ಮಂದಿಯ ಬೆನ್ನು ಬಿಡದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು?

ಈ ತಪ್ಪಿನಲ್ಲಿ ಪತ್ರಿಕೆಯವರ ಪಾಲೂ ಇದೆ ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಸಾವಿರಾರು ಮಂದಿ ನರಳಿದರೆ ಮುಖಪುಟ. ಹದಿನೇಳಕ್ಕೆ ಇಳಿದರೆ ಒಳಪುಟದಲ್ಲೂ ಜಾಗವಿಲ್ಲ. ಸುದ್ದಿ ನಿಂತಲ್ಲಿ ಹಣವೂ ನಿಲ್ಲುತ್ತದೆ. ಆದರೆ ಕೊನೆಯ ರೋಗಿ ಇರುವುದು ರಸ್ತೆ ಮುಗಿದ ಮೇಲೆ, ಯುದ್ಧ ನಡೆಯುವ ಕಡೆ, ಬಾಗಿಲು ತೆರೆಯಲು ಹೆದರುವ ಮನೆಯಲ್ಲಿ. ಅಲ್ಲಿಗೆ ಹೋಗುವವರಿಗೆ ಸಂಬಳ ಕೊಡಲು ಯಾರಿಗೂ ಉತ್ಸಾಹವಿಲ್ಲ.

‘ಕೈಚೆಲ್ಲಿ’ ಎಂಬ ನಿಮ್ಮ ಮಾತು ಓದಿದಾಗ ನೆನಪಾದವರು ಅಲಿ ಮಾವ್ ಮಾಲಿನ್. ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅಡುಗೆಯವರು. 1977ರಲ್ಲಿ ಸಿಡುಬು ರೋಗಿಗಳಿದ್ದ ವಾಹನಕ್ಕೆ ದಾರಿ ತೋರಿಸಲು ಹತ್ತಿದರು, ಕೆಲವೇ ನಿಮಿಷ. ಸಹಜವಾಗಿ ಸಿಡುಬು ತಗಲಿದ ಜಗತ್ತಿನ ಕೊನೆಯ ವ್ಯಕ್ತಿ ಅವರೇ. ಬದುಕುಳಿದರು. ಮುಂದೆ ಪೋಲಿಯೊ ಲಸಿಕೆಗೆ ಹಿಂದೇಟು ಹಾಕುವವರಿಗೆ ತಮ್ಮ ಕಥೆಯನ್ನೇ ಹೇಳಿ ಒಪ್ಪಿಸುತ್ತಿದ್ದರು. 2013ರಲ್ಲಿ ಸೊಮಾಲಿಯಾಕ್ಕೆ ಪೋಲಿಯೊ ಮರಳಿತು. ಅವರು ಮತ್ತೆ ಹೊರಟರು. ಆ ಕೆಲಸದ ನಡುವೆಯೇ ಮಲೇರಿಯಾ ಅವರನ್ನು ಬಲಿ ತೆಗೆದುಕೊಂಡಿತು.